ಕಳಿಸಿದ್ದು ಎಷ್ಟು, ಬಂದಿದ್ದು ಎಷ್ಟು?

ಹೋದ ವರ್ಷದ ಒಂದು ಕತೆ. ರೂಮ್‌ಮೇಟ್‌ಗೆ ‘ಬಾಡಿಗೆಗೆ 5000 ಹಾಕು’ ಅಂತ ಮೆಸೇಜ್ ಕಳಿಸಿದೆ. ಮನೆಯ ವೈಫೈಯಲ್ಲಿ ಟೈಪ್ ಮಾಡಿ, ಸೆಂಡ್ ಒತ್ತುವ ಹೊತ್ತಿಗೆ ಗೇಟ್ ದಾಟಿದ್ದೆ. ಅವನಿಗೆ ಅದು ಎರಡು ಸಲ ಹೋಗಿತ್ತು. ಪುಣ್ಯಾತ್ಮ, ಎರಡು ಸಲವೂ ದುಡ್ಡು ಹಾಕಿದ!

ಇದು ಹೇಗಾಗುತ್ತೆ? ಗೇಟ್ ದಾಟಿದಾಗ ಫೋನ್ ವೈಫೈ ಬಿಟ್ಟು ಮೊಬೈಲ್ ಡೇಟಾ ಹಿಡಿಯುತ್ತೆ. ಅದರ ಐಪಿ ಅಡ್ರೆಸ್ ಬದಲಾಗುತ್ತೆ, ಹಳೇ ಕನೆಕ್ಷನ್ ಹೇಳದೆ ಕೇಳದೆ ಸಾಯುತ್ತೆ. ಸರ್ವರ್‌ಗೆ ಅದು ತಕ್ಷಣ ಗೊತ್ತಾಗಲ್ಲ. ಸತ್ತ ಕನೆಕ್ಷನ್‌ಗೇ ಮೆಸೇಜ್ ಸುರೀತಾ ಇರುತ್ತೆ. ಇತ್ತ ನಿಮ್ಮ ಆ್ಯಪ್‌ಗೂ ಗೊಂದಲ: ಕೊನೆಯ ಮೆಸೇಜ್ ಹೋಯ್ತಾ, ಇಲ್ವಾ? ಸುಮ್ಮನಿದ್ರೆ ಕಳೆದುಹೋಗಬಹುದು, ಮತ್ತೆ ಕಳಿಸಿದ್ರೆ ಎರಡಾಗಬಹುದು.

ಇದಕ್ಕೆ ಒಳ್ಳೇ ಪರಿಹಾರ ಇರೋದು ಎಕ್ಸ್‌ಎಂಪಿಪಿ ಅನ್ನೋ ಪ್ರೋಟೋಕಾಲ್‌ನಲ್ಲಿ. 1999ರಲ್ಲಿ ಜೆರೆಮಿ ಮಿಲ್ಲರ್ ‘ಜ್ಯಾಬರ್’ ಅಂತ ಹೊರತಂದಿದ್ದು ಇದನ್ನೇ. ವಾಟ್ಸ್‌ಆ್ಯಪ್‌ನ ಆರಂಭದ ಸರ್ವರ್‌ಗಳೂ ಇದೇ ಕುಟುಂಬದವು. ಇದರ ಒಂದು ವಿಸ್ತರಣೆಯ ಹೆಸರು ಸ್ಟ್ರೀಮ್ ಮ್ಯಾನೇಜ್‌ಮೆಂಟ್, ನಂಬರ್ 0198.

ಬಿ.ಕಾಂ. ಓದಿದವರಿಗೆ ಇದು ಥಟ್ಟನೆ ಅರ್ಥ ಆಗುತ್ತೆ. ಬ್ಯಾಂಕ್ ರಿಕನ್ಸಿಲಿಯೇಷನ್ ನೆನಪಿದೆ ಅಲ್ವಾ? ನಮ್ಮ ಕ್ಯಾಶ್‌ಬುಕ್ ಒಂದು ಹೇಳುತ್ತೆ, ಪಾಸ್‌ಬುಕ್ ಇನ್ನೊಂದು ಹೇಳುತ್ತೆ, ಎರಡನ್ನೂ ತಾಳೆ ನೋಡ್ತೀವಿ. ಇಲ್ಲೂ ಅಷ್ಟೇ. ತನಗೆ ಎಷ್ಟು ಬಂತು ಅಂತ ಫೋನೂ ಎಣಿಸುತ್ತೆ, ಸರ್ವರೂ ಎಣಿಸುತ್ತೆ, ಸೊನ್ನೆಯಿಂದ ಶುರು ಮಾಡಿ. ಆಗಾಗ ಒಬ್ಬರು ‘ಎಷ್ಟು ಬಂತು?’ ಅಂತ ಕೇಳ್ತಾರೆ, ಇನ್ನೊಬ್ಬರು ‘17’ ಅಂತಾರೆ. ಈ ಉತ್ತರ ಬರೋ ತನಕ ಕಳಿಸಿದ್ದರ ಪ್ರತಿಯನ್ನ ಅಳಿಸೋ ಹಾಗಿಲ್ಲ.

ಈಗ ಗೇಟ್ ದಾಟೋಣ. ಫೋನ್ ಹೊಸ ಕನೆಕ್ಷನ್ ಮಾಡಿ, ತಾನು ಯಾರು ಅಂತ ಸಾಬೀತು ಮಾಡಿ, ಹಳೇ ಸೆಷನ್ನಿನ ಗುರುತು ಕೊಡುತ್ತೆ: ‘ನಿನ್ನಿಂದ ನನಗೆ 41 ಬಂದಿದೆ.’ ಸರ್ವರ್ ಹೇಳುತ್ತೆ: ‘ಸರಿ, ನಿನ್ನಿಂದ ನನಗೆ 17.’ ಫೋನ್ 19 ಕಳಿಸಿತ್ತು ಅಂತಿಟ್ಟುಕೊಳ್ಳಿ. ಕೊನೆಯ ಎರಡನ್ನ ಮಾತ್ರ ಮತ್ತೆ ಕಳಿಸುತ್ತೆ. 19 ಅಂತಲೇ ಉತ್ತರ ಬಂದಿದ್ರೆ ಏನೂ ಕಳಿಸಲ್ಲ. ಕಾಂಟ್ಯಾಕ್ಟ್ ಪಟ್ಟಿ ಮತ್ತೆ ಇಳಿಸೋ ಕೆಲಸವೂ ಇಲ್ಲ. ಗೆಳೆಯರಿಗೆ ನೀವು ಆಫ್‌ಲೈನ್ ಹೋಗಿ ಬಂದಿದ್ದೂ ಕಾಣಲ್ಲ. ಬ್ಯಾಟರಿ, ಡೇಟಾ ಎರಡೂ ಉಳಿಯುತ್ತೆ.

ಆದ್ರೆ ಸರ್ವರ್ ಹಳೇ ಸೆಷನ್ನನ್ನ ಶಾಶ್ವತವಾಗಿ ಇಟ್ಕೊಳ್ಳಲ್ಲ. ಅವಧಿ ಮುಗಿದ್ರೆ ‘ಆಗಲ್ಲ’ ಅನ್ನುತ್ತೆ, ಲೆಕ್ಕ ಹೇಳದೇ ಇರಬಹುದು. ಆಗ ಮತ್ತೆ ಅದೇ ಗೊಂದಲ. ಅದಕ್ಕೇ ಜಾಣ ಆ್ಯಪ್‌ಗಳು ಮರುಕಳಿಸುವಾಗ ಮೆಸೇಜ್‌ಗೆ ಹಳೇ ಐಡಿಯನ್ನೇ ಇಡ್ತವೆ. ಪಡೆಯೋ ಕಡೆ ಐಡಿ ನೋಡಿ ನಕಲನ್ನ ಬಿಸಾಕಬಹುದು. ನನ್ನ ಆ್ಯಪ್ ಇಷ್ಟು ಮಾಡಿದ್ದಿದ್ರೆ ಸಾಕಾಗಿತ್ತು.

ಇನ್ನೊಂದು ಮಾತು, ಇದನ್ನ ತುಂಬಾ ಜನ ತಪ್ಪು ತಿಳ್ಕೋತಾರೆ. ಈ ಎಣಿಕೆ ನಿಮ್ಮ ಫೋನ್ ಮತ್ತು ನಿಮ್ಮ ಸರ್ವರ್ ನಡುವಿನದ್ದು ಮಾತ್ರ. ಗೆಳೆಯನ ಫೋನ್‌ಗೆ ತಲುಪಿತಾ ಅನ್ನೋದಕ್ಕೆ ಅವನ ಫೋನೇ ರಸೀದಿ ಕಳಿಸಬೇಕು. ಎಕ್ಸ್‌ಎಂಪಿಪಿಯಲ್ಲಿ ಅದು ಬೇರೇನೇ ವಿಸ್ತರಣೆ, ನಂಬರ್ 0184. ವಾಟ್ಸ್‌ಆ್ಯಪ್‌ನಲ್ಲೂ ಒಂದು ಟಿಕ್, ಎರಡು ಟಿಕ್ ಬೇರೆ ಬೇರೆ ಇರೋದು ಇದಕ್ಕೇ.

ಹಾಂ, ಆ ಹೆಚ್ಚುವರಿ 5000? ಮುಂದಿನ ತಿಂಗಳ ಬಾಡಿಗೆಗೆ ಹೊಂದಿಸಿಕೊಂಡ್ವಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.