ಕಂಪ್ಯೂಟರು, ಆಟ ಮತ್ತು ನಮ್ಮ ಮಕ್ಕಳ ಕನ್ನಡ

(ಜೀರಹಳ್ಳಿಯಲ್ಲಿ ಕನ್ನಡ ಮಾಧ್ಯಮ ವಿದ್ಯಾರ್ಥಿಗಳ ಪೋಷಕರ ಮುಂದೆ ಮಾಡಿದ ಭಾಷಣದ ಬರಹರೂಪ)



ಈ ದಿನ ನನಗೆ ಒಪ್ಪಿಸಿರುವ ವಿಷಯ ಕಂಪ್ಯೂಟರು. ನಾನೇನೂ ಇಂಜಿನಿಯರಲ್ಲ. ಅದನ್ನು ಬಳಸಿ, ಅದರೊಡನೆ ಗುದ್ದಾಡಿ, ಅಷ್ಟಿಷ್ಟು ತಿಳಿದುಕೊಂಡವನು. ಆದುದರಿಂದ ಇವನ್ನು ಪಂಡಿತರ ಮಾತೆಂದು ತಿಳಿಯದೆ, ನಿಮ್ಮಂತೆಯೇ ಮಕ್ಕಳ ಚಿಂತೆ ಇರುವ ಒಬ್ಬನ ಅಭಿಪ್ರಾಯಗಳೆಂದು ಕೇಳಬೇಕು.

ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿರುವ ಪ್ರಶ್ನೆ ಇದು: "ಇನ್ನು ಮುಂದೆ ಎಲ್ಲವೂ ಕಂಪ್ಯೂಟರು. ಕಂಪ್ಯೂಟರೆಂದರೆ ಇಂಗ್ಲಿಷು. ಹಾಗಿರುವಾಗ ಮಗುವನ್ನು ಕನ್ನಡ ಶಾಲೆಯಲ್ಲಿ ಓದಿಸಿ ಏನು ಬಂತು?" ಇದರಲ್ಲಿ ಮೊದಲನೆಯ ಮಾತು ನಿಜ, ಎರಡನೆಯದು ಅರ್ಧ ನಿಜ. ಕಂಪ್ಯೂಟರಿಗೆ ಕೆಲಸ ಹೇಳುವ ಭಾಷೆಗಳಲ್ಲಿ ಹೆಸರಾದ 'ಸಿ' ಭಾಷೆಯನ್ನೇ ತೆಗೆದುಕೊಳ್ಳಿ. ಅದರ ಮೊದಲ ಪ್ರಮಾಣಿತ ರೂಪದಲ್ಲಿ ಕಾದಿರಿಸಿದ ಪದಗಳು 32. ಈಗ ಹೆಚ್ಚು ಬಳಕೆಯಲ್ಲಿರುವ 'ಪೈಥಾನ್' ಭಾಷೆಯಲ್ಲಿ 35. ಕಾಗುಣಿತವನ್ನು ಬಾಯಿಪಾಠ ಮಾಡಿದ ಮಗುವಿಗೆ ಮೂವತ್ತು ಪದ ದೊಡ್ಡದಲ್ಲ. ದೊಡ್ಡದು ಬೇರೆಯೇ ಇದೆ. ಒಂದು ಕೆಲಸವನ್ನು ಹಂತ ಹಂತವಾಗಿ ಬಿಡಿಸಿ ಯೋಚಿಸುವುದು, ತಪ್ಪು ಎಲ್ಲಿದೆಯೆಂದು ತಾಳ್ಮೆಯಿಂದ ಹುಡುಕುವುದು. ಇದನ್ನು ಮಗು ತನಗೆ ಅರ್ಥವಾಗುವ ಭಾಷೆಯಲ್ಲಿಯೇ ಕಲಿಯಬೇಕು. ಇಂಗ್ಲಿಷ್ ಬೇಡವೆಂದು ನಾನು ಹೇಳುತ್ತಿಲ್ಲ. ಕಂಪನಿಯ ಸಂದರ್ಶನಕ್ಕೆ ಹೋದರೆ ಇಂಗ್ಲಿಷ್ ಬೇಕೇ ಬೇಕು, ಅದನ್ನು ಒಂದು ವಿಷಯವಾಗಿ ಚೆನ್ನಾಗಿ ಕಲಿಸಿರೆಂದು ಶಾಲೆಯನ್ನು ಒತ್ತಾಯಿಸಿ. ಅದಕ್ಕಾಗಿ ಗಣಿತ ವಿಜ್ಞಾನಗಳನ್ನೆಲ್ಲ ಅರ್ಥವಾಗದ ಭಾಷೆಯಲ್ಲಿ ಗಟ್ಟು ಹೊಡೆಸಬೇಕಾಗಿಲ್ಲ.

ಸಾಫ್ಟ್‌ವೇರ್ ಕಂಪನಿಗಳ ವಿಷಯಕ್ಕೆ ಬರೋಣ. ಅವುಗಳ ಮೇಲೆ ನಮ್ಮಲ್ಲಿ ಭಕ್ತಿ ಸ್ವಲ್ಪ ಹೆಚ್ಚು. ಇನ್ಫೋಸಿಸ್ 1981ರಲ್ಲಿ ಪುಣೆಯಲ್ಲಿ ಹುಟ್ಟಿ 1983ರಲ್ಲಿ ಬೆಂಗಳೂರಿಗೆ ಬಂತು. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬಂತು. ವಿಪ್ರೊ 1945ರಲ್ಲಿ ಆರಂಭವಾದಾಗ ತಯಾರಿಸುತ್ತಿದ್ದುದು ವನಸ್ಪತಿ ಎಣ್ಣೆ! ಇವು ಬೆಳೆದದ್ದು ಬಹುಪಾಲು ಹೊರದೇಶಗಳ ಕೆಲಸವನ್ನು ಇಲ್ಲಿ ಮಾಡಿಕೊಟ್ಟು. ಉದ್ಯೋಗ ಕೊಟ್ಟವು, ಸಂತೋಷ. ಆದರೆ ಕನ್ನಡವನ್ನು ಕಂಪ್ಯೂಟರಿಗೆ ತರುವ ಕೆಲಸಕ್ಕೆ ಮೊದಲು ಬೆವರು ಸುರಿಸಿದವರು ಇಂಥ ದೊಡ್ಡ ಕಂಪನಿಗಳವರಲ್ಲ. ದಕ್ಷಿಣ ಕನ್ನಡದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಕನ್ನಡಕ್ಕೆ ಸರಳವಾದ ಕೀಲಿಮಣೆ ವಿನ್ಯಾಸ ಕೊಟ್ಟರು. ಶೇಷಾದ್ರಿವಾಸು ಅವರು 1998ರಲ್ಲಿ 'ಬರಹ' ತಂತ್ರಾಂಶವನ್ನು ಹೊರತಂದರು. ಕನ್ನಡ ಗಣಕ ಪರಿಷತ್ತು 'ನುಡಿ'ಯನ್ನು ಸಿದ್ಧಪಡಿಸಿತು. ಭಾಷೆಯ ಮೇಲಿನ ಅಭಿಮಾನದಿಂದ ಆದ ಕೆಲಸಗಳಿವು. ನಿಮ್ಮ ಮಗ ಕಂಪನಿ ಸೇರಲಿ ಎಂದು ಹಾರೈಸುವಾಗ ಈ ಹೆಸರುಗಳನ್ನೂ ಅವನಿಗೆ ಹೇಳಿ.

ಈಗ ನಮ್ಮ ತಾಳವಾಡಿ ಸೀಮೆಯ ವಿಷಯ. 1956ರಲ್ಲಿ ರಾಜ್ಯಗಳು ಭಾಷೆಯ ಮೇಲೆ ವಿಂಗಡವಾದಾಗ ನಾವು ಮದರಾಸು ರಾಜ್ಯದಲ್ಲಿ ಉಳಿದೆವು. 'ನುಡಿ' ಕರ್ನಾಟಕ ಸರ್ಕಾರದ ಕಚೇರಿಗಳಿಗೆ ಹೋಯಿತು. ತಮಿಳುನಾಡು ಸರ್ಕಾರ ಸಹಜವಾಗಿಯೇ ತಮಿಳಿಗೆ ಬೇಕಾದದ್ದನ್ನು ಮಾಡಿತು, 1999ರಲ್ಲಿ 'ತಮಿಳ್ 99' ಕೀಲಿಮಣೆಯನ್ನು ಒಪ್ಪಿತು. 2011ರಿಂದ ಕೆಲವು ವರ್ಷ ಹೈಯರ್ ಸೆಕೆಂಡರಿ ಮಕ್ಕಳಿಗೆ ಉಚಿತ ಲ್ಯಾಪ್‌ಟಾಪ್ ಕೊಟ್ಟಿತು. ಒಳ್ಳೆಯ ಯೋಜನೆ, ಬಡವರ ಮನೆಗೂ ಯಂತ್ರ ಬಂತು. ಅದರಲ್ಲಿದ್ದ ವಿಂಡೋಸ್‌ನೊಳಗೆ ಕನ್ನಡದ ಅಕ್ಷರವೂ ಕೀಲಿಮಣೆಯೂ ಮೊದಲೇ ಇದ್ದವು. ಎಲ್ಲಿ ಒತ್ತಿದರೆ ಅದು ತೆರೆಯುತ್ತದೆಂದು ತೋರಿಸಿಕೊಡುವವರು ಬೇಕಿತ್ತು, ಅಷ್ಟೆ.

ಇದರಿಂದ ಏನು ನಷ್ಟ ಎನ್ನುತ್ತೀರಾ? ನಿಮ್ಮ ಮಗುವಿನ ಹೆಸರನ್ನೇ ನೋಡಿ. ತಮಿಳು ಲಿಪಿಯಲ್ಲಿ ಕ, ಖ, ಗ, ಘ ನಾಲ್ಕಕ್ಕೂ ಒಂದೇ ಅಕ್ಷರ. ತ ಮತ್ತು ದಕ್ಕೆ ಒಂದು, ಪ ಮತ್ತು ಬಕ್ಕೆ ಒಂದು. ಇದು ತಮಿಳಿನ ದೋಷವಲ್ಲ, ಆ ನುಡಿಗೆ ಆ ಲಿಪಿ ಸರಿಯಾಗಿಯೇ ಇದೆ. ಆದರೆ ನಮ್ಮ ಗೌರಮ್ಮ, ದೇವಮ್ಮ, ಬಸವಣ್ಣ ಆ ಅಕ್ಷರಗಳಲ್ಲಿ ಹೊಕ್ಕು, ಅಲ್ಲಿಂದ ಇಂಗ್ಲಿಷಿಗೆ ಇಳಿಯುವಾಗ ಕೌರಮ್ಮ, ತೇವಮ್ಮ, ಪಸವಣ್ಣ ಆಗಿ ಹೊರಬರಬಹುದು. ಡಾ. ರಾಜ್‌ಕುಮಾರ್ ಹುಟ್ಟಿದ ಗಾಜನೂರನ್ನೇ ತಮಿಳಿನಲ್ಲಿ ಬರೆದರೆ ಮೊದಲ ಅಕ್ಷರ ಕಾ. (ಜೀರಹಳ್ಳಿಯ ಪುಣ್ಯ, ಜ ಮತ್ತು ಹ ಎರಡಕ್ಕೂ ತಮಿಳರ ಬಳಿ ಗ್ರಂಥಾಕ್ಷರಗಳಿವೆ!) ಹಿಂದೆ ಕಾಗದದ ಮೇಲಿನ ತಪ್ಪನ್ನು ಮೇಷ್ಟರು ಕೈಯಿಂದ ತಿದ್ದಿ ಸಹಿ ಹಾಕಿದರೆ ಮುಗಿಯುತ್ತಿತ್ತು. ಈಗ ಶಾಲೆಯ ದಾಖಲೆ 'ಎಮಿಸ್' ಎಂಬ ಕಂಪ್ಯೂಟರ್ ವ್ಯವಸ್ಥೆಯಲ್ಲಿದೆ. ಅಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು, ಜಾತಿ ಪತ್ರದಲ್ಲಿ ಮತ್ತೊಂದು ಹೆಸರಿದ್ದರೆ ಚಾಮರಾಜನಗರದ ಕಾಲೇಜಿಗೆ ಅರ್ಜಿ ಹಾಕುವ ದಿನ ಒದ್ದಾಡುವವರು ನೀವು. ಆದ್ದರಿಂದ ಮಗು ಒಂದನೆಯ ತರಗತಿಯಲ್ಲಿರುವಾಗಲೇ ಮುಖ್ಯೋಪಾಧ್ಯಾಯರ ಬಳಿ ಹೋಗಿ, ಹೆಸರಿನ ಪ್ರತಿ ಅಕ್ಷರವನ್ನೂ ಓದಿಸಿ ನೋಡಿ. ಓದು ಬಾರದವರು ಓದು ಬಲ್ಲ ಮಗುವನ್ನು ಜತೆಗೆ ಕರೆದೊಯ್ಯಿರಿ.

ಕಂಪ್ಯೂಟರಿನ ಕಡೆಯಿಂದ ಈಗ ಅಡ್ಡಿ ಇಲ್ಲ. ಹಿಂದೆ ಒಂದೊಂದು ತಂತ್ರಾಂಶ ಕನ್ನಡಕ್ಕೆ ಒಂದೊಂದು ಗುಪ್ತಸಂಖ್ಯೆ ಬಳಸುತ್ತಿತ್ತು. ಒಂದು ಯಂತ್ರದಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ತೆರೆದರೆ ಗೀಚುಬರಹ. 'ಯೂನಿಕೋಡ್' ಎಂಬ ಜಾಗತಿಕ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡವಿದೆ. ಅದನ್ನು ಬಳಸಿದರೆ ಮೈಸೂರಿನ 'ಕ'ಗೂ ಜೀರಹಳ್ಳಿಯ 'ಕ'ಗೂ ಅಮೆರಿಕದ 'ಕ'ಗೂ ಒಂದೇ ಸಂಖ್ಯೆ. ನಿಮ್ಮ ಕಿಸೆಯಲ್ಲಿರುವ ಫೋನಿನಲ್ಲಿಯೂ ಅದೇ.

ಕೀಲಿಮಣೆಯ ಬಗ್ಗೆ ಒಂದು ಮಾತು. ಇದರಲ್ಲಿ ನನಗೆ ಸ್ವಲ್ಪ ಹಟವಿದೆ. ಕರ್ನಾಟಕದಲ್ಲಿ ಕೆ.ಪಿ. ರಾವ್ ವಿನ್ಯಾಸವೇ ರೂಢಿ, ಅದು ಸುಲಭವೂ ಹೌದು. ಆದರೆ ನಮ್ಮ ಮಕ್ಕಳು ಎರಡು ಲಿಪಿ ಬರೆಯಬೇಕಾದವರು. 2006ರ ಕಾಯ್ದೆಯ ಮೇರೆಗೆ ತಮಿಳು ಕಲಿಕೆ ಒಂದನೆಯ ತರಗತಿಯಿಂದ ಹಂತ ಹಂತವಾಗಿ ಬಂದಿದೆ. ಕೇಂದ್ರ ಸರ್ಕಾರದ 'ಇನ್‌ಸ್ಕ್ರಿಪ್ಟ್' ವಿನ್ಯಾಸದಲ್ಲಿ ಎಲ್ಲ ಭಾರತೀಯ ಲಿಪಿಗಳಿಗೂ ಅಕ್ಷರಗಳ ಜಾಗ ಒಂದೇ. ಇಂಗ್ಲಿಷ್ 'ಕೆ' ಇರುವ ಕೀಲಿ ಒತ್ತಿದರೆ ಕನ್ನಡದಲ್ಲಿ ಕನ್ನಡದ ಕ, ತಮಿಳಿನಲ್ಲಿ ತಮಿಳಿನ ಕ. 'ತಮಿಳ್ 99'ರಲ್ಲಿ ಅದೇ ಕೀಲಿಗೆ 'ಮ' ಬರುತ್ತದೆ. ಒಂದು ಸಲ ಬೆರಳು ಪಳಗಿದರೆ ಎರಡು ಭಾಷೆ ಬರುವ ಇನ್‌ಸ್ಕ್ರಿಪ್ಟೇ ಗಡಿಯ ಮಕ್ಕಳಿಗೆ ತಕ್ಕದ್ದೆಂದು ನನ್ನ ಮತ. ಬೇರೆಯವರು ಒಪ್ಪದಿರಬಹುದು.

ಇನ್ನು ಆಟ. "ಫೋನು ಕೈಗೆ ಸಿಕ್ಕಿದರೆ ಊಟವೂ ಬೇಡ" ಎಂಬ ತಾಯಂದಿರ ದೂರು ಹೊಸದಲ್ಲ. ಆಟವೇ ಕೆಟ್ಟದ್ದೆಂದು ನಾನು ಒಪ್ಪುವುದಿಲ್ಲ. ಆಡು ಹುಲಿ ಆಟ, ಚೌಕಾಬಾರ, ಅಳಿಗುಳಿ ಮಣೆ ಆಡಿದವರಲ್ಲವೆ ನಾವು? ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ನಡೆಸುವ ಲೆಕ್ಕಾಚಾರದಲ್ಲಿ ಮುಳುಗಿದ್ದವರು. ಅದೇ ಸಮಸ್ಯೆಯನ್ನು ಇಂದಿಗೂ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಅಭ್ಯಾಸವಾಗಿ ಕೊಡುತ್ತಾರೆ. ಇನ್ನೊಂದು ತಮಾಷೆ ಗಮನಿಸಿ. "ಇಂಗ್ಲಿಷ್ ಬಾರದು" ಎಂದು ನೀವು ಕೊರಗುವ ಹುಡುಗ ಆಟದ ಸ್ಟಾರ್ಟು, ಲೆವೆಲ್ಲು, ಎಕ್ಸಿಟ್ಟು ಎಲ್ಲವನ್ನೂ ಯಾರ ಪಾಠವೂ ಇಲ್ಲದೆ ಓದಿಕೊಂಡಿದ್ದಾನೆ. ಆಸೆಯಿದ್ದರೆ ಭಾಷೆ ತಡೆಯುವುದಿಲ್ಲ.

ನನ್ನ ಭಯ ಬೇರೆ ಕಡೆ ಇದೆ. ಈ ಆಟಗಳಲ್ಲಿ ಹಲವನ್ನು ಮಗು ಏಳದಂತೆಯೇ ಹೆಣೆದಿರುತ್ತಾರೆ, ಮುಗಿಯುವ ಹೊತ್ತೇ ಇರುವುದಿಲ್ಲ. ಚೌಕಾಬಾರದಲ್ಲಿ ಕಾಯಿ ಹಣ್ಣಾದರೆ ಆಟ ಮುಗಿಯುತ್ತಿತ್ತು. 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿ ನಿಷೇಧವಾಯಿತು, 2021ರಲ್ಲಿ ಅದರ ಭಾರತದ ರೂಪ ಬೇರೆ ಹೆಸರಿನಲ್ಲಿ ಬಂತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಅಂಗೀಕರಿಸಿತು. ಕಾಯ್ದೆ ಇದೆಯೆಂದು ಸುಮ್ಮನಿರಬೇಡಿ. ಬ್ಯಾಂಕಿನ ಗುಪ್ತಸಂಖ್ಯೆಯನ್ನು ಮಗುವಿಗೆ ಹೇಳಬೇಡಿ. ಟೊಮೇಟೊ, ಕೋಸು ಮಾರಿದ ದುಡ್ಡು ಅದೇ ಫೋನಿನಲ್ಲಿ ಬರುತ್ತದೆ. ಫೋನು ಕೊಟ್ಟ ದಿನ ಆಟದ ಮೊದಲು ಒಂದು ಕೆಲಸ ಹೇಳಿ: ಅಜ್ಜಿ ಹೇಳಿದ ಕತೆಯನ್ನೋ ಸಂತೆಯ ಲೆಕ್ಕವನ್ನೋ ಕನ್ನಡದಲ್ಲಿ ಟೈಪು ಮಾಡಲಿ. ಇದಕ್ಕೆ ಸಿಗ್ನಲ್ ಕೂಡ ಬೇಡ. ಶಾಲೆಯಲ್ಲಿ ಕಂಪ್ಯೂಟರಿದ್ದರೆ 'ಟಕ್ಸ್ ಪೇಂಟ್' ಎಂಬ ಉಚಿತ ಚಿತ್ರ ಬರೆಯುವ ತಂತ್ರಾಂಶ ಕನ್ನಡದಲ್ಲಿಯೇ ಸಿಗುತ್ತದೆ. ಹಾಕಿಕೊಡಿ ಎಂದು ಕೇಳಿ.

ಕೊನೆಯದಾಗಿ ಕಾಸರಗೋಡಿನ ಸಂಗತಿ. ಅಲ್ಲಿನ ಕನ್ನಡಿಗರೂ ನಮ್ಮಂತೆ ಪರರಾಜ್ಯದಲ್ಲಿ ಉಳಿದವರು. ಕೇರಳ ಸರ್ಕಾರದ 'ಕೈಟ್' ಸಂಸ್ಥೆಯ ಕಂಪ್ಯೂಟರ್ ಪಠ್ಯಪುಸ್ತಕಗಳು ಮಲಯಾಳಂ, ಇಂಗ್ಲಿಷ್, ತಮಿಳಿನ ಜತೆಗೆ ಕನ್ನಡದಲ್ಲಿಯೂ ಇವೆ. ನಿಮ್ಮ ಮಗುವಿನ ಚೀಲದಲ್ಲಿ ಅಂಥ ಪುಸ್ತಕವಿದೆಯೆ ಎಂದು ಇಂದು ಸಂಜೆ ನೋಡಿ. ಇಲ್ಲದಿದ್ದರೆ ಅರ್ಜಿ ಕೊಡೋಣ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸಾಕಷ್ಟು ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. 1956ರಲ್ಲಿ ಸಂವಿಧಾನಕ್ಕೆ ಸೇರಿದ ವಿಧಿ ಅದು. ಆಗ ಸೌಲಭ್ಯವೆಂದರೆ ಕಪ್ಪುಹಲಗೆ, ಪುಸ್ತಕ, ಮೇಷ್ಟರು. ಈಗ ಕನ್ನಡದ ಕೀಲಿಮಣೆಯೂ ಅದರಲ್ಲಿ ಸೇರಬೇಕೆಂಬುದು ನನ್ನ ವಾದ. ಅರ್ಜಿಯನ್ನು ಕನ್ನಡದಲ್ಲಿ ಟೈಪು ಮಾಡಿಸಿ, ತಮಿಳಿನ ಪ್ರತಿಯೊಂದನ್ನು ಜತೆಗಿಡಿ, ಓದುವವರಿಗೆ ಅನುಕೂಲ. ಮುಖ್ಯೋಪಾಧ್ಯಾಯರ ಮೂಲಕ ಶಿಕ್ಷಣ ಇಲಾಖೆಗೆ ಒಂದು, ಜಿಲ್ಲಾಧಿಕಾರಿಗಳಿಗೆ ಒಂದು. ತಲುಪಿದ್ದಕ್ಕೆ ರಸೀದಿ ಪಡೆದು ಮನೆಯಲ್ಲಿಡಿ. ಎಂಟನೆಯ ತರಗತಿಯ ಮಕ್ಕಳಿಂದಲೇ ಟೈಪು ಮಾಡಿಸಿದರೆ ಇನ್ನೂ ಒಳ್ಳೆಯದು. ತಪ್ಪುಗಳನ್ನು ಮೇಷ್ಟರು ತಿದ್ದಿಕೊಡುತ್ತಾರೆ.