ಅಡುಗೆಯಲ್ಲಿ ಅಳತೆ ಮತ್ತು ಲೆಕ್ಕ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಸಾಲ, ಗೊಬ್ಬರದ ವಿಷಯ ಬಿಟ್ಟು ನಿರ್ದೇಶಕರು ಅಡುಗೆ ಮಾತಾಡ್ತಾರಲ್ಲ ಅಂತ ನಗಬೇಡಿ. ಬೇಸಾಯಕ್ಕೆಂದು ಪಡೆದ ಸಾಲದಲ್ಲಿ ಒಂದಿಷ್ಟು ಮದುವೆ, ಬೀಗರೂಟ, ತಿಥಿಯ ಒಲೆಗೆ ಹೋಗುವುದು ನಮಗೂ ಗೊತ್ತು, ನಿಮಗೂ ಗೊತ್ತು.

ನಮ್ಮ ಹಿರಿಯರಿಗೆ ಲೆಕ್ಕ ಬರುತ್ತಿರಲಿಲ್ಲ ಎನ್ನುವಂತಿಲ್ಲ. ಕಣದಲ್ಲಿ ರಾಗಿ ಅಳೆಯುವಾಗ ಒಂದು ಎನ್ನದೆ "ಲಾಭ" ಎಂದು ಎಣಿಕೆ ಶುರು ಮಾಡುತ್ತಿದ್ದರು. ನಾಲ್ಕು ಪಾವಿಗೆ ಸೇರು, ಇಪ್ಪತ್ತು ಕೊಳಗಕ್ಕೆ ಖಂಡುಗ. ಆದರೆ ಊರಿಂದೂರಿಗೆ ಸೇರು ಬೇರೆ. ಒಬ್ಬರು ರಾಶಿ ತುಂಬಿ ಅಳೆದರೆ ಇನ್ನೊಬ್ಬರು ಕೈಯಿಂದ ಸವರಿ ಅಳೆಯುತ್ತಿದ್ದರು. 1956ರ ಕಾನೂನಿನ ಮೇಲೆ 1958ರಿಂದ ಹಂತ ಹಂತವಾಗಿ ಕೆ.ಜಿ., ಲೀಟರ್ ಬಂದವು. ಅಂಗಡಿಗೆ ಬಂದವು, ಅಡುಗೆಮನೆಯಲ್ಲಿ ಪಾವೇ ಉಳಿಯಿತು.

ಅದೇನೂ ತಪ್ಪಲ್ಲ. ನಾಲ್ಕು ಜನರ ಮುದ್ದೆಗೆ ಒಂದಳತೆ ಹಿಟ್ಟು, ಸುಮಾರು ಎರಡಳತೆ ಎಸರು. ಹಿಟ್ಟು ಹೊಸದೋ ಹಳೆಯದೋ ನೋಡಿ ಹೆಂಗಸರು ಎಸರು ಹೆಚ್ಚು ಕಡಿಮೆ ಮಾಡುತ್ತಾರೆ. ಆ ಕೈಗೆ ತಕ್ಕಡಿ ಬೇಡ.

ತೊಂದರೆ ಬರುವುದು 500 ಜನರ ಊಟಕ್ಕೆ. ಪಾವು, ಲೀಟರ್ ಎಂದರೆ ಪಾತ್ರೆಯ ಅಳತೆ, ಕೆ.ಜಿ. ಎಂದರೆ ತೂಕ. ಲೀಟರ್ ಡಬ್ಬಿ ತುಂಬ ನೀರು ಒಂದು ಕೆ.ಜಿ. ತೂಗಿದರೆ ಅಕ್ಕಿ ಸುಮಾರು 800 ಗ್ರಾಂ ತೂಗುತ್ತದೆ. ಹತ್ತು ಲೀಟರ್ ಡಬ್ಬಿಯಲ್ಲಿ ಐದು ಸಲ ಸುರಿದು 50 ಕೆ.ಜಿ. ಎಂದುಕೊಂಡರೆ ಬಿದ್ದಿರುವುದು 40. ನೀರಿನ ಲೆಕ್ಕವೂ ಹಾಗೇ. ಹತ್ತು ಪಟ್ಟು ಅಕ್ಕಿಗೆ ಹತ್ತು ಪಟ್ಟು ನೀರು ಹಾಕಿದರೆ ಅನ್ನ ಮೆತ್ತಗಾಗುತ್ತದೆ. ಆವಿಯಾಗಿ ಹೋಗುವುದು ಹಂಡೆಯ ಬಾಯಿಂದ ತಾನೆ? ಅಕ್ಕಿ ಹತ್ತು ಪಟ್ಟಾದರೂ ಬಾಯಿ ಅಷ್ಟು ಅಗಲವಾಗುವುದಿಲ್ಲ. ಅದರಲ್ಲೂ ಕೆ.ಆರ್.ನಗರದ ನಾಲೆ ಬಯಲಿನ ಹೊಸ ಅಕ್ಕಿಗೆ ನೀರು ಕಡಿಮೆಯೇ ಸಾಕು, ಹಳೆ ಅಕ್ಕಿ ಹೆಚ್ಚು ಕುಡಿಯುತ್ತದೆ.

ಶಾಲೆಯ ಬಿಸಿಯೂಟ ನೋಡಿ. ಒಂದರಿಂದ ಐದನೇ ತರಗತಿ ಮಗುವಿಗೆ ಅಕ್ಕಿ 100 ಗ್ರಾಂ, ಬೇಳೆ 20. ಆರರಿಂದ ಎಂಟಕ್ಕೆ 150 ಮತ್ತು 30. ಚಿಕ್ಕವರು 60, ದೊಡ್ಡವರು 40 ಇದ್ದರೆ ಅಕ್ಕಿ 12 ಕೆ.ಜಿ., ಬೇಳೆ 2 ಕೆ.ಜಿ. 400 ಗ್ರಾಂ. ಹಾಜರಿ ನೋಡಿ ಒಲೆ ಹಚ್ಚುತ್ತಾರೆ.

ನಮ್ಮ ಮದುವೆಗಳಲ್ಲಿ ಹಾಜರಿ ಯಾರು ನೋಡುತ್ತಾರೆ? "ಮೂಟೆ ಬಿಚ್ಚು, ಸಾಲದೆ ಬಂದರೆ ಮರ್ಯಾದೆ ಹೋಗುತ್ತೆ" ಅನ್ನುವುದೇ ಲೆಕ್ಕ. ತಲೆಗೆ 150 ಗ್ರಾಂ ಧಾರಾಳವಾಗಿ ಹಿಡಿದರೂ 500 ಜನಕ್ಕೆ 75 ಕೆ.ಜಿ. ಸಾಕು. ಕ್ವಿಂಟಾಲ್ ಬೇಯಿಸಿದರೆ ಉಳಿದ 25 ಕೆ.ಜಿ. ಅನ್ನವಾಗಿ 60 ಕೆ.ಜಿ. ಮೀರುತ್ತದೆ. ಅದನ್ನು ತಿಪ್ಪೆಗೆ ಹೊತ್ತು ಹಾಕಲೂ ಆಳು ಬೇಕು. ಹುಣಸೂರು, ಪಿರಿಯಾಪಟ್ಟಣದ ಹರಾಜಿನಲ್ಲಿ ಹೊಗೆಸೊಪ್ಪಿನ ಬೇಲು ತೂಗುವಾಗ ನಮ್ಮ ಕಣ್ಣು ಆಚೀಚೆ ಹೋಗುವುದಿಲ್ಲ. ಬೀಗರೂಟದ ಬಾಡು ತೂಗಿಸುವಾಗಲೂ ಅಷ್ಟೆ. ಅಕ್ಕಿಗೆ ಬಂದರೆ ಮಾತ್ರ ಅಂದಾಜು!

ಇನ್ನು ಮುಂದೆ ಸಂಘದ ಹಂಡೆ, ಪಾತ್ರೆ ಬಾಡಿಗೆಗೆ ಕೊಡುವಾಗ ಒಂದು ತಕ್ಕಡಿಯನ್ನೂ, ತಲೆಗೆಷ್ಟು ಎಂಬ ಪಟ್ಟಿಯನ್ನೂ ಜೊತೆಗೆ ಕೊಡಬೇಕೆಂದು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ವಿಷಯ ಇಡುತ್ತೇವೆ. ಪಟ್ಟಿ ಬರೆಯಲು ಊರಿನ ಅಡುಗೆಯವರೂ ತಾಯಂದಿರೂ ಬಂದು ಕೂರಬೇಕು. ತಕ್ಕಡಿಗೆ ಬಾಡಿಗೆ ಬೇಡ ಎಂಬುದು ನಮ್ಮ ಅಭಿಪ್ರಾಯ, ಕಾರ್ಯದರ್ಶಿಗಳು ಒಪ್ಪಬೇಕಷ್ಟೆ.