ಉಳುಕೂ ಮಂಜುಗಡ್ಡೆಯೂ



ಹಡಗಲಿ ತಾಲ್ಲೂಕಿನ ಮಾಗಳದಲ್ಲಿ ತುಂಗಭದ್ರೆಯ ದಂಡೆಯನ್ನಿಳಿಯುತ್ತಿರುವ ಹುಡುಗನೊಬ್ಬನ ಕಾಲು ಹೊರಳಿತೆಂದು ಭಾವಿಸೋಣ. ಮನೆ ಸೇರುವಷ್ಟರಲ್ಲಿ ಹರಡು ಊದಿಕೊಂಡಿದೆ. ಒಬ್ಬರು ಬಿಸಿನೀರಿನ ಶಾಖ ಕೊಡಿರೆನ್ನುತ್ತಾರೆ. ಇನ್ನೊಬ್ಬರು ಎಣ್ಣೆ ಹಚ್ಚಿ ನೀವಿರೆನ್ನುತ್ತಾರೆ. ಮೂರನೆಯವರು ಫ್ರಿಜ್ಜಿನಿಂದ ಮಂಜುಗಡ್ಡೆಯನ್ನು ತಂದು ಬರಿಯ ಚರ್ಮಕ್ಕೇ ಒತ್ತಿ ಹಿಡಿಯುತ್ತಾರೆ. ಈ ಕೊನೆಯವರ ಉದ್ದೇಶ ಸರಿ, ವಿಧಾನ ತಪ್ಪು. ಅದು ಹೇಗೆಂಬುದೇ ನಾವು ಇಂದು ವಿಚಾರಮಾಡತಕ್ಕ ವಿಷಯ.

ಈ ಬಳ್ಳಾರಿ ಸೀಮೆಯು 1953ರವರೆಗೆ ಮದರಾಸು ಆಡಳಿತಕ್ಕೆ ಸೇರಿತ್ತು. ಆ ಮದರಾಸಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಮಂಜುಗಡ್ಡೆಯು ಅಮೆರಿಕದ ಕೆರೆಗಳಿಂದ ಹಡಗೇರಿ ಬರುತ್ತಿತ್ತು. ಅದನ್ನು ಕೂಡಿಡಲು 1842ರಲ್ಲಿ ಕಟ್ಟಿದ ಮನೆಯು ಕಡಲ ತೀರದಲ್ಲಿ ಇಂದಿಗೂ ನಿಂತಿದೆ. ಅಷ್ಟು ದುರ್ಲಭವಾದ ಪದಾರ್ಥವು ಈಗ ಮನೆಮನೆಯಲ್ಲಿಯೂ ಇರುವುದರಿಂದ ಅದರ ಮಿತಿಯನ್ನು ನಾವೇ ಅರಿತುಕೊಳ್ಳಬೇಕಾಗಿದೆ.

ತಂಪು ತಗುಲಿದಾಗ ಸಣ್ಣ ರಕ್ತನಾಳಗಳು ಕುಗ್ಗುತ್ತವೆ, ನರಗಳ ಸಂವೇದನೆ ಮಂದವಾಗುತ್ತದೆ, ನೋವು ಇಳಿಯುತ್ತದೆ. ಉಪಕಾರವೆಂಬುದು ಇಷ್ಟೆ, ಅಪಾಯವೂ ಇದರಲ್ಲಿಯೇ ಅಡಗಿದೆ. ನೋವು ನಮ್ಮ ದೇಹದ ಕಾವಲುಗಾರ. ಮಂಜು ಆ ಕಾವಲುಗಾರನನ್ನೇ ಮಲಗಿಸಿಬಿಡುತ್ತದೆ. ಹೀಗಾಗಿ ಚರ್ಮವು ಹೆಪ್ಪುಗಟ್ಟಿ, ಬೆಂಕಿ ತಾಕಿದಂತೆ ಗುಳ್ಳೆ ಏಳುತ್ತಿದ್ದರೂ ನಮಗೆ ತಿಳಿಯುವುದಿಲ್ಲ.

ಕರಗುತ್ತಿರುವ ಮಂಜುಗಡ್ಡೆಯ ಉಷ್ಣಮಾನ 0 ಡಿಗ್ರಿ ಸೆಂಟಿಗ್ರೇಡು. ಆದರೆ ಫ್ರೀಜರಿನ ಒಳಗೆ ಸಾಮಾನ್ಯವಾಗಿ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತದೆ. ಅಂಗಡಿಯಲ್ಲಿ ಸಿಗುವ ಜೆಲ್ ಚೀಲವು ಅಷ್ಟು ತಣ್ಣಗಾದರೂ ಮೆತ್ತಗೇ ಉಳಿಯಬಹುದು. ಮೆದುವಾಗಿದೆಯೆಂದು ಅದನ್ನು ನಂಬುವುದು ತಪ್ಪು. ನೀರು ಬೆರೆಸಿದ ಮಂಜಿನ ಚೂರುಗಳೇ ಹೆಚ್ಚು ಸುರಕ್ಷಿತ.

ಆದುದರಿಂದ ಚೂರುಗಳನ್ನು ಚೀಲದಲ್ಲಿಟ್ಟು, ಒದ್ದೆಯ ತೆಳುಬಟ್ಟೆಯನ್ನು ನಡುವೆ ಹಾಕಿ ನೋವಿರುವಲ್ಲಿ ಇಡತಕ್ಕದ್ದು. ಹತ್ತರಿಂದ ಇಪ್ಪತ್ತು ನಿಮಿಷ ಸಾಕು. ಅದನ್ನು ಗಡಿಯಾರ ನೋಡಿಯೇ ಎಣಿಸಬೇಕು. ಐದೈದು ನಿಮಿಷಕ್ಕೊಮ್ಮೆ ಬಟ್ಟೆ ಸರಿಸಿ ಚರ್ಮವನ್ನು ನೋಡಬೇಕು. ಬಿಳಿಚಿದರೆ ಅಥವಾ ಮರಗಟ್ಟಿದರೆ ಕೂಡಲೇ ತೆಗೆಯಬೇಕು. ಎರಡು ಗಂಟೆಯಾದರೂ ಕಳೆದ ಮೇಲೆಯೇ ಪುನಃ ಇಡಬಹುದು. ಮಂಜು ಕಟ್ಟಿಕೊಂಡು ನಿದ್ರೆಹೋಗುವುದು ಸಲ್ಲದು. ಮಂಜಿಲ್ಲದ ಮನೆಯಲ್ಲಿ ಹರವಿಯ ತಣ್ಣೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯೂ ನೋವಿಗೆ ಸ್ವಲ್ಪ ಹಿತವನ್ನುಂಟುಮಾಡುತ್ತದೆ.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕುಂದಿರುವ ಹಿರಿಯರ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಅವರ ಕಾವಲುಗಾರ ಮೊದಲೇ ಮಲಗಿರುತ್ತಾನೆ. ಹುಡುಗನಿಗೆ ಬರಿಯ ಉಳುಕಾಗಿ ಮುಗಿಯುವುದು ಅಂಥವರಲ್ಲಿ ಮಾಯದ ಹುಣ್ಣಾಗಿ, ಕಾಲಿಗೇ ಕುತ್ತು ತಂದೀತು. ಕಾಲುಗಳಲ್ಲಿ ರಕ್ತಸಂಚಾರ ಕುಂದಿದವರಿಗೂ ಈ ಮಾತು ಸಲ್ಲುತ್ತದೆ; ಇಂಥವರು ವೈದ್ಯರನ್ನು ಕೇಳದೆ ಮಂಜನ್ನು ಬಳಸಬಾರದು. ಊರಿ ನಾಲ್ಕು ಹೆಜ್ಜೆ ಇಡಲಾರದಿದ್ದರೆ, ಮೂಳೆಯನ್ನು ಮುಟ್ಟಿದರೆ ನೋವಾದರೆ, ಅಂಗದ ಆಕಾರ ಬದಲಾಗಿದ್ದರೆ, ಯಾರೇ ಆಗಲಿ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ವಿಶ್ರಾಂತಿ, ಮಂಜು, ಬಿಗಿಪಟ್ಟಿ, ಕಾಲನ್ನು ಮೇಲೆತ್ತಿಡುವುದು ಎಂಬ ನಾಲ್ಕು ಉಪಚಾರಗಳ ಸೂತ್ರವನ್ನು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್ ಅವರು 1978ರಲ್ಲಿ ಪ್ರಚಾರಕ್ಕೆ ತಂದರು. ಮಂಜು ಮತ್ತು ಪೂರ್ಣ ವಿಶ್ರಾಂತಿಗಳು ಗುಣವಾಗುವುದನ್ನು ತಡಮಾಡಬಹುದೆಂದು ಅನಂತರ ಅವರೇ ಒಪ್ಪಿಕೊಂಡರು. ಮಂಜು ನೋವನ್ನು ಶಮನಮಾಡುತ್ತದೆಯೇ ಹೊರತು ಗಾಯವನ್ನು ಮಾಯಿಸುವುದಿಲ್ಲ. ಮಾಯಿಸುವ ಕೆಲಸ ದೇಹದ್ದು. ಆ ಕೆಲಸ ನಡೆಯುವವರೆಗೆ ಹುಡುಗನ ಹರಡಿಗೂ ಮಂಜಿಗೂ ನಡುವೆ ಒಂದು ತುಂಡು ಬಟ್ಟೆ, ನಮ್ಮ ಕೈಯಲ್ಲಿ ಒಂದು ಗಡಿಯಾರ, ಇವೆರಡೂ ಇರಲಿ.